ಅವ್ವ-ಅಪ್ಪನ ಜೊತೆ ಲಂಡನ್ನಿನಲ್ಲಿ ಐದು ದಿನ: ಏನು ನೋಡಬೇಕು, ಏನು ಬಿಡಬೇಕು?

ಹುನಗುಂದದ_ಹುಡುಗ:

ಎಲ್ಲರಿಗೂ ಶರಣು. ಒಂದು ಸಲಹೆ ಬೇಕಿತ್ತು.

ಮೇ ಕೊನೇ ವಾರ ಅವ್ವ-ಅಪ್ಪನನ್ನು ಕರೆದುಕೊಂಡು ಲಂಡನ್ನಿಗೆ ಹೊರಟಿದ್ದೇನೆ. ಅಕ್ಕ ಸ್ಲೌ ಎಂಬ ಊರಲ್ಲಿದ್ದಾಳೆ, ಹೀಥ್ರೂ ವಿಮಾನ ನಿಲ್ದಾಣಕ್ಕೆ ಹತ್ತಿರ. ಊಟ, ನಿದ್ದೆ ಅಲ್ಲೇ. ಆದರೆ ಅಕ್ಕ, ಮಾವ ಇಬ್ಬರೂ ಕೆಲಸಕ್ಕೆ ಹೋಗುವವರು. ಊರು ತಿರುಗಿಸುವ ಜವಾಬ್ದಾರಿ ನನ್ನ ತಲೆಗೆ ಬಂದಿದೆ. ನಾನು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲೇ ದಾರಿ ತಪ್ಪುವ ಮನುಷ್ಯ.

ಅಪ್ಪ ಸಾರಿಗೆ ಸಂಸ್ಥೆಯಲ್ಲಿ 31 ವರ್ಷ ಬಸ್ ಓಡಿಸಿ ನಿವೃತ್ತರಾದವರು. ಹುನಗುಂದದಿಂದ ವಿಜಯಪುರದವರೆಗಿನ ತಗ್ಗು, ದಿಣ್ಣೆ, ಹಂಪು ಎಲ್ಲ ಬಾಯಿಪಾಠ. ಅವರದು ಒಂದೇ ಆಸೆ. ಕೆಂಪು ಡಬಲ್ ಡೆಕ್ಕರ್ ಬಸ್ಸು ಹತ್ತಿ, ಮೇಲೆ, ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂರಬೇಕು. "ಒಂದು ತಾಸು ಕೂಡಸು ಸಾಕು, ಉಳಿದದ್ದು ನೀ ಎಲ್ಲಿ ಕರಕೊಂಡು ಹೋಗ್ತಿ ಅಲ್ಲಿ ಬರ್ತೀನಿ" ಎಂದಿದ್ದಾರೆ.

ಅವ್ವನದು ಲಂಡನ್ನಿನಲ್ಲಿರುವ ಬಸವಣ್ಣನ ಮೂರ್ತಿ ನೋಡುವ ಆಸೆ. "ಕೂಡಲಸಂಗಮ ನಮ್ಮ ಮನಿ ಬಾಗಿಲಾಗ ಐತಿ, ಅಲ್ಲಿ ಬೇಕಾದಷ್ಟು ಸಲ ಹೋಗೇನಿ. ಅಷ್ಟು ದೂರ ಹೋಗಿ ಕುಂತಾನಲ್ಲ, ಅಲ್ಲಿ ಹೆಂಗ ಅದಾನ ನೋಡಬೇಕು" ಅನ್ನುತ್ತಾಳೆ. ದೂರದ ಊರಿಗೆ ಕೊಟ್ಟ ಮಗಳನ್ನು ನೋಡಲು ಹೋಗುವವರ ಹಾಗೆ ಮಾತಾಡುತ್ತಾಳೆ. ಅವಳಿಗೆ ಮೊಣಕಾಲು ನೋವು. ಸಮತಟ್ಟು ದಾರಿಯಾದರೆ ಒಂದು ಕಿಲೋಮೀಟರ್ ಆರಾಮಾಗಿ ನಡೆಯುತ್ತಾಳೆ, ಮೆಟ್ಟಿಲು ಕಂಡರೆ ಕಷ್ಟ.

ಒಬ್ಬ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಒಂದೇ ದಿನಕ್ಕೆ ಹನ್ನೊಂದು ಜಾಗ ಇವೆ. ನೋಡಿಯೇ ನನ್ನ ಕಾಲು ನೋವು ಶುರುವಾಯಿತು. ಹೋಗಿ ಬಂದವರು, ಅಲ್ಲೇ ಇರುವವರು ಹೇಳಿ: ಯಾವುದನ್ನು ತಪ್ಪಿಸಬಾರದು? ಯಾವುದನ್ನು ಸುಮ್ನೆ ಬಿಟ್ಟರೂ ನಡೆಯುತ್ತದೆ? ದುಡ್ಡು ತೀರಾ ಕಡಿಮೆಯೇನಿಲ್ಲ, ಆದರೆ ಪೌಂಡನ್ನು ರೂಪಾಯಿಗೆ ಗುಣಿಸುವ ಚಟ ಅಪ್ಪನಿಗಿದೆ.

ಟಿಳಕವಾಡಿಯಿಂದ_ಥೇಮ್ಸ್:

ನಮಸ್ಕಾರ್ರಿ. ನಾನು ಬೆಳಗಾವಿಯವನು, ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು. ವರ್ಷಕ್ಕೆ ಮೂರು ಸಲವಾದರೂ ಊರಿನಿಂದ ಯಾರಾದರೂ ಬರುತ್ತಾರೆ, ಹಾಗಾಗಿ ಈ ಕೆಲಸದಲ್ಲಿ ನಾನೀಗ ಅರ್ಧ ಗೈಡ್.

ಮೊದಲು ಓಡಾಟದ ಮಾತು. ಸ್ಲೌನಿಂದ ಎಲಿಜಬೆತ್ ಲೈನ್ ರೈಲು ಸೀದಾ ಲಂಡನ್ನಿನ ಮಧ್ಯಕ್ಕೆ ಬರುತ್ತದೆ. 2022ರಲ್ಲಿ ಶುರುವಾದ ಮಾರ್ಗ. ಎಲ್ಲ ಸ್ಟೇಷನ್ನಿನಲ್ಲೂ ಲಿಫ್ಟ್ ಇದೆ, ಬೋಗಿಯಲ್ಲಿ ಎಸಿ ಇದೆ. ಅವ್ವನವರ ಕಾಲಿಗೆ ಇದೇ ಸರಿ. ಹಳೇ ಟ್ಯೂಬ್ (ನೆಲದಡಿಯ ರೈಲು) ಸ್ಟೇಷನ್ನುಗಳಲ್ಲಿ ಎಷ್ಟೋ ಕಡೆ ಲಿಫ್ಟ್ ಇಲ್ಲ, ಎಸ್ಕಲೇಟರ್ ಮುಗಿದ ಮೇಲೂ ಮೆಟ್ಟಿಲು ಬರುತ್ತವೆ. ವಾರದ ದಿನ ಬೆಳಗ್ಗೆ ಒಂಬತ್ತೂವರೆ ದಾಟಿದ ಮೇಲೆ ಹೊರಡಿ. ದರವೂ ಕಡಿಮೆ, ಕೂರಲು ಸೀಟೂ ಸಿಗುತ್ತದೆ.

ಟಿಕೆಟ್ ತೆಗೆಯುವ ತಾಪತ್ರಯ ಬೇಡ. ಬ್ಯಾಂಕ್ ಕಾರ್ಡನ್ನು ಗೇಟಿಗೆ ತಾಗಿಸಿದರೆ ಆಯಿತು. ಆದರೆ ಮೂವರಿಗೆ ಮೂರು ಬೇರೆ ಬೇರೆ ಕಾರ್ಡು ಬೇಕು. ಒಂದನ್ನೇ ಮೂವರಿಗೆ ತಾಗಿಸಲು ಹೋಗಿ ನಮ್ಮ ಕಾಕಾ ಗೇಟಿನ ಆಚೆ, ಕಾಕು ಈಚೆ ಉಳಿದಿದ್ದರು. ರೈಲಿಗೆ ಹತ್ತುವಾಗಲೂ ಇಳಿದ ಮೇಲೂ ತಾಗಿಸಬೇಕು, ಬಸ್ಸಿಗೆ ಹತ್ತುವಾಗ ಮಾತ್ರ. ದಿನಕ್ಕೆ ಇಷ್ಟು ಎಂಬ ಮಿತಿ ಇದೆ, ಅದು ಮುಟ್ಟಿದ ಮೇಲೆ ಎಷ್ಟು ತಿರುಗಿದರೂ ಮತ್ತೆ ದುಡ್ಡು ಹೋಗುವುದಿಲ್ಲ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದು 2014ರಲ್ಲೇ ನಿಂತಿದೆ. ಚಿಲ್ಲರೆ ಜಗಳ ಇಲ್ಲ ಎಂದು ಅಪ್ಪನವರಿಗೆ ಹೇಳಿ, ಖುಷಿಪಡುತ್ತಾರೆ.

ಅಪ್ಪನವರಿಗೆ 15ನೇ ನಂಬರಿನ ಬಸ್ಸು. ಟ್ರಫಾಲ್ಗರ್ ಚೌಕದಲ್ಲಿ ಹತ್ತಿ, ಮೇಲೆ ಮುಂದೆ ಕೂತರೆ ಸ್ಟ್ರಾಂಡ್, ಫ್ಲೀಟ್ ಸ್ಟ್ರೀಟ್, ಸೇಂಟ್ ಪಾಲ್ಸ್ ಚರ್ಚು, ಕೊನೆಗೆ ಟವರ್ ಆಫ್ ಲಂಡನ್ ಕೋಟೆ. ಪ್ರವಾಸಿ ಬಸ್ಸಿನವರು ಮೂವತ್ತು ಪೌಂಡ್ ತೆಗೆದುಕೊಂಡು ತೋರಿಸುವುದರಲ್ಲಿ ಮುಕ್ಕಾಲು ಪಾಲು ಇದರಲ್ಲೇ ಆಗುತ್ತದೆ, ಎರಡು ಪೌಂಡಿನೊಳಗೆ. ಕೋವೆಂಟ್ ಗಾರ್ಡನ್ನಿನಲ್ಲಿ ಸಾರಿಗೆ ಮ್ಯೂಸಿಯಂ ಬೇರೆ ಇದೆ. ಕುದುರೆ ಎಳೆಯುತ್ತಿದ್ದ ಬಸ್ಸಿನಿಂದ ಹಿಡಿದು ಹಿಂಭಾಗ ಬಾಗಿಲೇ ಇಲ್ಲದ ರೂಟ್‌ಮಾಸ್ಟರ್ ತನಕ ಸಾಲಾಗಿ ನಿಲ್ಲಿಸಿದ್ದಾರೆ. ಒಳಗೆ ಹೋದರೆ ಅಪ್ಪನವರನ್ನು ಹೊರಗೆ ಕರೆತರುವುದು ನಿಮ್ಮ ಪಾಡು.

ಅರಮನೆಯ ಮುಂದೆ ಕಾವಲು ಬದಲಾಯಿಸುವುದನ್ನು ನೋಡಲು ಎಲ್ಲರೂ ಓಡುತ್ತಾರೆ. ಒಂದು ತಾಸು ಮೊದಲೇ ಹೋಗಿ ನಿಲ್ಲಬೇಕು, ಕೊನೆಗೆ ಕಾಣುವುದು ಮುಂದಿನವರ ಮೊಬೈಲು. ಬಿಡಿ. ಬದಲಿಗೆ ಹಾರ್ಸ್ ಗಾರ್ಡ್ಸ್ ಎಂಬ ಕುದುರೆ ಕಾವಲಿನವರ ಜಾಗಕ್ಕೆ ಸಂಜೆ ನಾಲ್ಕಕ್ಕೆ ಹೋಗಿ. 1894ರಲ್ಲಿ ವಿಕ್ಟೋರಿಯಾ ರಾಣಿ ಆ ಹೊತ್ತಿಗೆ ಅಚಾನಕ್ಕಾಗಿ ಬಂದಾಗ ಕಾವಲಿನವರು ಕುಡಿಯುತ್ತ ಜೂಜಾಡುತ್ತ ಸಿಕ್ಕಿಬಿದ್ದರಂತೆ. ಇನ್ನು ನೂರು ವರ್ಷ ದಿನಾ ನಾಲ್ಕಕ್ಕೆ ಹಾಜರಿ ಎಂದು ಶಿಕ್ಷೆ ಕೊಟ್ಟಳಂತೆ. ನೂರು ವರ್ಷ ಮುಗಿದು ಎಷ್ಟೋ ಕಾಲವಾಯಿತು, ಹಾಜರಿ ಮಾತ್ರ ಇನ್ನೂ ನಡೆದಿದೆ. ಗದ್ದಲ ಕಡಿಮೆ, ಕುದುರೆಗಳು ಹತ್ತಿರದಿಂದ ಕಾಣುತ್ತವೆ.

ಹಾಲಿನ ಪದಾರ್ಥ ಇಲ್ಲಿಗೆ ತರುವಂತಿಲ್ಲ, ಆದ್ದರಿಂದ ಕುಂದಾ ಬೇಡ. (ಇದನ್ನು ಬರೆಯುವಾಗ ನನ್ನ ಕೈ ನಡುಗಿತು.) ಖಡಕ್ ರೊಟ್ಟಿ, ಶೇಂಗಾ ಚಟ್ನಿ ತನ್ನಿ. ಜೋಳದ ಹಿಟ್ಟು ವೆಂಬ್ಲಿಯ ಗುಜರಾತಿ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ರೊಟ್ಟಿ ಬಡಿದರೆ ನಮ್ಮ ಬಿಳಿಜೋಳದ ಹಾಗೆ ಬರುವುದಿಲ್ಲ.

ಗುಮ್ಮಟದ_ಮಾಸ್ತರ:

ತಮ್ಮಾ ಹುನಗುಂದದವನೇ, ನಾನು ವಿಜಯಪುರದ ನಿವೃತ್ತ ಭೌತಶಾಸ್ತ್ರ ಮಾಸ್ತರ. 2017ರಲ್ಲಿ ಮಗನ ಮನೆಗೆಂದು ಹೋಗಿ ಮೂರು ತಿಂಗಳು ಇದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ, ವಯಸ್ಸಿನ ಗುಣ.

ಲಂಡನ್ನಿನಲ್ಲಿ ನಾನು ಮಾಡಿದ ಮೊದಲ ತಪ್ಪು, ಎಲ್ಲವನ್ನೂ ನೋಡಲು ಹೋದದ್ದು. ಮೊದಲ ವಾರ ಮಗ ಎರಡು ದಿನದ ಪ್ಯಾಕೇಜಿಗೆ ಹಾಕಿದ. ಹೆಸರು ಬೇಡ. ಗೈಡ್ ಬಲಕ್ಕೆ ನೋಡಿ ಅನ್ನುತ್ತಿದ್ದ, ನಾವು ಬಲಕ್ಕೆ ತಿರುಗುವಷ್ಟರಲ್ಲಿ ಅದು ಎಡಕ್ಕೆ ಹೋಗಿರುತ್ತಿತ್ತು. ಇನ್ನು ಬಿಗ್ ಬೆನ್ ಕಥೆ ಕೇಳು. ಬಿಗ್ ಬೆನ್ ಅಂದರೆ ಗೋಪುರ ಅಲ್ಲ, ಒಳಗಿನ ದೊಡ್ಡ ಗಂಟೆ. ಗೋಪುರಕ್ಕೆ ಎಲಿಜಬೆತ್ ಟವರ್ ಎಂದು ಹೆಸರು. ಅದರ ದನಿ ಕೇಳಬೇಕು ಎಂದು ಎಷ್ಟೋ ವರ್ಷದ ಆಸೆ ನನಗೆ. ದುರಸ್ತಿಗೆಂದು 2017ರ ಆಗಸ್ಟ್ 21ರ ಮಧ್ಯಾಹ್ನ ಅದನ್ನು ನಿಲ್ಲಿಸಿದರು. ನಾವು ಲಂಡನ್ನಿಗೆ ಇಳಿದದ್ದು 24ಕ್ಕೆ! ಐದು ವರ್ಷ ಬಿಟ್ಟು, 2022ರ ನವೆಂಬರಿನಲ್ಲಿ ಮತ್ತೆ ಬಾರಿಸಲು ಶುರು ಮಾಡಿದರು. ನಿನ್ನ ನಸೀಬು ಛಲೋ ಇದೆ. ತಾಸು ತುಂಬುವ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ನಿಂತು ಕೇಳು, ನನ್ನ ಪಾಲಿನದ್ದನ್ನೂ ಸೇರಿಸಿ.

ಆಮೇಲೆ ನಾನು, ನನ್ನ ಮನೆಯವರು ಒಂದು ನಿಯಮ ಮಾಡಿಕೊಂಡೆವು. ದಿನಕ್ಕೆ ಒಂದು ಜಾಗ. ಅದು ಮುಗಿದ ಮೇಲೆ ಎಲ್ಲಾದರೂ ಬೆಂಚಿನ ಮೇಲೆ ಕೂರುವುದು. ಲಂಡನ್ನಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಬೆಂಚುಗಳೇ.

ಈಗ ಸೇಂಟ್ ಪಾಲ್ಸ್. ವಿಜಯಪುರದವನಾಗಿ ನಾನು ಇದನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ ಗೋಳಗುಮ್ಮಟ ಮುಗಿದದ್ದು 1656ರಲ್ಲಿ. ಅದಾಗಿ ಹತ್ತು ವರ್ಷಕ್ಕೆ, 1666ರಲ್ಲಿ, ಲಂಡನ್ನಿಗೆ ಬೆಂಕಿ ಬಿದ್ದು ಹಳೇ ಚರ್ಚು ಸುಟ್ಟುಹೋಯಿತು. ಕ್ರಿಸ್ಟೋಫರ್ ರೆನ್ ಎಂಬಾತ ಹೊಸದನ್ನು 1675ರಲ್ಲಿ ಶುರು ಮಾಡಿದ, ಅದು ಮುಗಿಯಲು 1710 ಆಯಿತು. ಅಲ್ಲಿ ಗೋಡೆ ಏಳುತ್ತಿದ್ದಾಗ, 1686ರಲ್ಲಿ, ಇಲ್ಲಿ ಔರಂಗಜೇಬನಿಗೆ ವಿಜಯಪುರ ಬಿತ್ತು. ಎತ್ತರದಲ್ಲಿ ಅವರದು ದೊಡ್ಡದು, 111 ಮೀಟರ್. ನಮ್ಮದು ಅದರ ಅರ್ಧಕ್ಕೂ ಕಡಿಮೆ. ಆದರೆ ಗುಮ್ಮಟದ ಅಗಲದಲ್ಲಿ ನಮ್ಮದೇ ಮೇಲು. ಇದನ್ನು ನಾನು ಅಲ್ಲಿನ ಒಬ್ಬ ಸ್ವಯಂಸೇವಕನಿಗೆ ಹೇಳಿದೆ. ಆತ ನಯವಾಗಿ ನಕ್ಕ. ನಂಬಲಿಲ್ಲ ಎಂದು ಕಾಣುತ್ತದೆ.

ಅಲ್ಲೂ ಪಿಸುಮಾತಿನ ಗ್ಯಾಲರಿ ಇದೆ, 257 ಮೆಟ್ಟಿಲು. ಇಬ್ಬರೂ ಹತ್ತಿದೆವು. ಮನೆಯವರು ಆ ಕಡೆ, ನಾನು ಈ ಕಡೆ ಕೂತೆವು. ನಮ್ಮಲ್ಲಿ ಶಾಲೆ ಮಕ್ಕಳು ಮೇಲೆ ಬಂದರೆ ಕೂಗಿ, ಚಪ್ಪಾಳೆ ಹೊಡೆದು, ಒಂದಕ್ಕೆ ಏಳು ದನಿ ಎಬ್ಬಿಸಿ ಕಿವಿ ಕಿತ್ತುಹಾಕುತ್ತಾರೆ. ಅಲ್ಲಿನ ರೀತಿ ಬೇರೆ. ಎದುರಿನವರ ಕಡೆ ಮುಖ ಮಾಡಿ ಹೇಳಿದರೆ ಏನೂ ಕೇಳುವುದಿಲ್ಲ. ಗೋಡೆಗೆ ಕೆನ್ನೆ ಹತ್ತಿಸಿ, ಗೋಡೆಯ ಉದ್ದಕ್ಕೂ ಮೆಲ್ಲಗೆ ಹೇಳಬೇಕು. ದನಿ ಬಾಗಿದ ಗೋಡೆಯನ್ನು ಬಿಡದೆ ಅದರ ಜೊತೆಯೇ ಸರಿದು ಬರುತ್ತದೆ, ಬಂಡಿಯ ಗಾಲಿ ಹಳೇ ಜಾಡಿನಲ್ಲೇ ಹೋಗುವ ಹಾಗೆ. ಹಾಗೆ ಬಂದ ಮೊದಲ ಮಾತು: "ಮೊಳಕಾಲ ಗುಳಗಿ ತಂದೀರೇನು?" ತಂದಿರಲಿಲ್ಲ. ಇಳಿಯುವಾಗ ಮತ್ತೆ 257.

ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 1921ರಲ್ಲಿ ಸಿ.ವಿ. ರಾಮನ್ ಆಕ್ಸ್‌ಫರ್ಡಿನ ಒಂದು ಸಮಾವೇಶಕ್ಕೆ ಬಂದವರು ಇದೇ ಗ್ಯಾಲರಿಗೆ ಹೋಗಿ ಪ್ರಯೋಗ ಮಾಡಿದ್ದರು. ಆ ಬರಹ 'ನೇಚರ್' ಪತ್ರಿಕೆಯಲ್ಲಿ ಬಂತು. ಮರುವರ್ಷದ ಹೊತ್ತಿಗೆ ನಮ್ಮ ಗೋಳಗುಮ್ಮಟದ ಮೇಲೂ ಬರೆದರು. ಆ ಪ್ರವಾಸದಿಂದ ಹಡಗಿನಲ್ಲಿ ವಾಪಸ್ ಬರುವಾಗಲೇ ಅವರಿಗೆ ಮೆಡಿಟರೇನಿಯನ್ ಸಮುದ್ರ ಯಾಕೆ ಇಷ್ಟು ನೀಲಿ ಎಂಬ ಪ್ರಶ್ನೆ ಹತ್ತಿದ್ದು. ಮುಂದಿನದು ನಿಮಗೆಲ್ಲ ಗೊತ್ತೇ ಇದೆ. ಮೂವತ್ತು ವರ್ಷ ರಾಮನ್ ಪರಿಣಾಮ ಪಾಠ ಮಾಡಿದ ನಾನು, ಆ ಕಲ್ಲಿನ ಬೆಂಚಿನ ಮೇಲೆ ಕೂತಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆಯವರು ಗುಳಿಗೆ ತರದ್ದಕ್ಕೆ ನಾಚಿಕೆ ಎಂದುಕೊಂಡರು.

ನಿನ್ನ ಅವ್ವನಿಗೆ ಮೆಟ್ಟಿಲು ಬೇಡ. ಆ ಗ್ಯಾಲರಿಯನ್ನು ನಡುವೆ ವರ್ಷಗಟ್ಟಲೆ ಮುಚ್ಚಿದ್ದರು, ನೀನು ಹತ್ತುವುದಾದರೂ ಮೊದಲೇ ವಿಚಾರಿಸಿಕೊಂಡು ಹೋಗು. ಕೆಳಗೆ ಕೂತು ಗುಮ್ಮಟ ನೋಡಲು ಒಂದು ಉಪಾಯ ಇದೆ. ಸಾಮಾನ್ಯ ದಿನಗಳಲ್ಲಿ ಸಂಜೆ ಐದಕ್ಕೆ ಹಾಡಿನ ಪ್ರಾರ್ಥನೆ ಇರುತ್ತದೆ, ಅದಕ್ಕೆ ಟಿಕೆಟ್ ಇಲ್ಲ. ಗುಮ್ಮಟದ ಕೆಳಗೇ ಕುರ್ಚಿ ಹಾಕಿರುತ್ತಾರೆ. ಮುಕ್ಕಾಲು ತಾಸು ಸುಮ್ಮನೆ ಕೂತರೆ ಆ ಹಾಡು ಮೇಲೆ ಹೋಗಿ ತಿರುಗಿ ಬರುವುದು ಕೇಳುತ್ತದೆ. ಭಾಷೆ ತಿಳಿಯದಿದ್ದರೇನು, ಭಜನೆ ಕೇಳಿದವರಿಗೆ ತಿಳಿಯುತ್ತದೆ. ಫೋಟೋ ತೆಗೆಯಬೇಡ.

ಬ್ರಿಟಿಷ್ ಮ್ಯೂಸಿಯಮ್ಮಿಗೆ ಟಿಕೆಟ್ ಇಲ್ಲ. ಎಲಿಜಬೆತ್ ಲೈನಿನಲ್ಲಿ ಟಾಟನ್‌ಹ್ಯಾಮ್ ಕೋರ್ಟ್ ರೋಡಿಗೆ ಇಳಿದರೆ ಹತ್ತು ನಿಮಿಷದ ನಡಿಗೆ. ಇಡೀ ಮ್ಯೂಸಿಯಂ ನೋಡಲು ಹೋಗಬೇಡ, ಸೋಲುತ್ತೀಯ. ಈಜಿಪ್ಟಿನ ರೊಸೆಟ್ಟಾ ಕಲ್ಲು ನೋಡು, ಅಮರಾವತಿಯ ಸ್ತೂಪದ ಬಿಳಿ ಕಲ್ಲಿನ ಕೆತ್ತನೆ ನೋಡು, ಹೊರಗೆ ಬಾ. ಇಬ್ರಾಹಿಂ ರೋಜಾದಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಕೈಯಲ್ಲಿ ಚಿಟಿಕೆ ತಾಳ ಹಿಡಿದಿರುವ ಒಂದು ಚಿತ್ರ ಈ ಮ್ಯೂಸಿಯಮ್ಮಿನದೇ. ಕಾಗದದ ಚಿತ್ರವಾದ್ದರಿಂದ ಯಾವಾಗಲೂ ಹೊರಗಿಡುವುದಿಲ್ಲ, ನನಗೂ ಸಿಗಲಿಲ್ಲ. ನಮ್ಮ ಅಸರ್ ಮಹಲಿನಲ್ಲಿದ್ದ ಹಸ್ತಪ್ರತಿಗಳೂ ಬ್ರಿಟಿಷರ ಕಾಲದಲ್ಲಿ ಲಂಡನ್ ಸೇರಿದವು, ಈಗ ಸೇಂಟ್ ಪ್ಯಾಂಕ್ರಸ್ ಹತ್ತಿರದ ಬ್ರಿಟಿಷ್ ಲೈಬ್ರರಿಯಲ್ಲಿವೆ. ಆ ಲೈಬ್ರರಿಯ ಅಂಗಳದಲ್ಲಿ ನಾನು ಚಹಾ ಕುಡಿದು ಬಂದೆ. ನಮ್ಮೂರಿನ ಪುಸ್ತಕಗಳು ಈ ಗೋಡೆ ಆಚೆ ಇವೆ ಅನ್ನುವುದೇ ಒಂದು ಥರ.

ಟವರ್ ಆಫ್ ಲಂಡನ್ನಿಗೆ ಟಿಕೆಟ್ ಭಾರಿ. ಕೊಹಿನೂರ್ ನೋಡಲೇಬೇಕೆಂದರೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ಮೊದಲು ಒಡವೆಯ ಕೋಣೆಗೇ ನಡೆ. ಕಿರೀಟಗಳ ಮುಂದೆ ನೆಲವೇ ಚಲಿಸುತ್ತದೆ, ನಿಂತು ನೋಡುವಂತಿಲ್ಲ, ಹಾಗೇ ಸಾಗಿಸಿಬಿಡುತ್ತದೆ. ತಿರುಪತಿ ನೆನಪಾಯಿತು. ಆ ಕೋಟೆಯಲ್ಲಿ ಬೇರೆ ಬೇರೆ ದೇಶದ ತೋಪುಗಳೂ ಇವೆ. ನಮ್ಮ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ರದ್ದು ಮಾಡಿದ್ದರು. 55 ಟನ್ ತೂಕ ಇರದಿದ್ದರೆ ಅದನ್ನೂ ಇಲ್ಲೇ ನೋಡಬೇಕಿತ್ತೋ ಏನೋ.

ಗೋಕಾಕ್_ಕರದಂಟು:

ಎಲ್ಲರೂ ಮ್ಯೂಸಿಯಂ, ಚರ್ಚು ಅಂತೀರಲ್ಲ. ಲಂಡನ್ ಐ ಎಂಬ ದೊಡ್ಡ ಚಕ್ರ ಹತ್ತದೆ ಬಂದರೆ ಊರಲ್ಲಿ ಮುಖ ತೋರಿಸುವುದು ಹೇಗೆ? 135 ಮೀಟರ್ ಎತ್ತರ, ಅರ್ಧ ತಾಸು ಸುತ್ತುತ್ತದೆ, ಗಾಜಿನ ಡಬ್ಬಿಯಲ್ಲಿ ಕೂರಲು ಜಾಗವೂ ಇದೆ. ನಮ್ಮ ಅಜ್ಜಿಯೇ ಹತ್ತಿದ್ದಾರೆ. ಜಾತ್ರೆಯ ತೊಟ್ಟಿಲಿನ ಹಾಗೆ ಹೊಟ್ಟೆ ತೊಳಸುವುದಿಲ್ಲ.

ಟಿಳಕವಾಡಿಯಿಂದ_ಥೇಮ್ಸ್:

ಕರದಂಟು ಅವರೇ, ಬೇಡ ಅನ್ನುತ್ತಿಲ್ಲ, ದುಡ್ಡಿನ ಲೆಕ್ಕ ಹೇಳುತ್ತಿದ್ದೇನೆ. ಸ್ಕೈ ಗಾರ್ಡನ್ ಎಂದು ಒಂದು ಎತ್ತರದ ಕಟ್ಟಡದ ನೆತ್ತಿಯಲ್ಲಿ ತೋಟ ಇದೆ. ಲಿಫ್ಟಿನಲ್ಲೇ ಹೋಗಬಹುದು, ಪುಕ್ಕಟೆ. ಆನ್‌ಲೈನಿನಲ್ಲಿ ಮೊದಲೇ ಹೊತ್ತು ಕಾಯ್ದಿರಿಸಬೇಕು, ಅಷ್ಟೇ.

ಹುನಗುಂದದ_ಹುಡುಗ:

ಇಷ್ಟು ಬರೆದಿದ್ದೀರಿ, ಎಲ್ಲರಿಗೂ ಶರಣು ಶರಣಾರ್ಥಿ. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಜೋರಾಗಿ ಓದಿದೆ. ಗುಳಿಗೆಯ ಮಾತಿಗೆ ಅವ್ವ ನಕ್ಕಿದ್ದೇ ನಕ್ಕಿದ್ದು. "ಆ ಮಾಸ್ತರ ಹೆಂಡತಿ ಶಾಣೇಕಿ ಅದಾಳ" ಎಂದಳು.

ಇನ್ನೆರಡು ಪ್ರಶ್ನೆ. ಒಂದು, ಬಸವಣ್ಣನ ಮೂರ್ತಿಗೆ ಹೇಗೆ ಹೋಗುವುದು, ಯಾರೂ ಬರೆದಿಲ್ಲ. ಎರಡು, ಅಪ್ಪ ಗ್ರೀನ್‌ವಿಚ್ ಕೇಳುತ್ತಿದ್ದಾರೆ. "ಟೈಮ್ ಶುರುವಾಗೋ ಜಾಗ ಅಂತಲ್ಲ" ಎಂದು. 31 ವರ್ಷ ಟೈಮ್‌ ಟೇಬಲ್ಲಿನ ಹಿಂದೆ ಓಡಿದವರು.

ಬಾಗೇವಾಡಿ_ಸೊಸಿ:

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ನನ್ನ ಗಂಡನ ಮನೆ ಬಸವನ ಬಾಗೇವಾಡಿ. ಹೋದ ವರ್ಷ ಅತ್ತೆಯನ್ನು ಕರೆದುಕೊಂಡು ಹೋಗಿದ್ದೆ.

ಮೂರ್ತಿ ಇರುವುದು ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ರಸ್ತೆಯ ಪಕ್ಕ. ಲ್ಯಾಂಬೆತ್ ಸೇತುವೆಗೂ ವಾಕ್ಸ್‌ಹಾಲ್ ಸೇತುವೆಗೂ ನಡುವೆ. ಎದೆಮಟ್ಟದ ಮೂರ್ತಿ, ಪೂರ್ತಿ ನಿಂತದ್ದಲ್ಲ. ಇದನ್ನು ಅವ್ವನವರಿಗೆ ಮೊದಲೇ ಹೇಳಿಡಿ, ನಮ್ಮ ಅತ್ತೆ ಸ್ವಲ್ಪ ಪೆಚ್ಚಾದರು. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕನ್ನಡಿಗ ನೀರಜ್ ಪಾಟೀಲರು ಇದಕ್ಕಾಗಿ ಓಡಾಡಿದವರು. ಅದೇ ದಿನವೇ ಅಂಬೇಡ್ಕರರು 1921-22ರಲ್ಲಿ ಓದುವಾಗ ಇದ್ದ ಮನೆಯನ್ನೂ ಸ್ಮಾರಕವಾಗಿ ತೆರೆದರು. ಅದು ಪ್ರಿಮ್‌ರೋಸ್ ಹಿಲ್ ಹತ್ತಿರ, ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರಿನ ಮನೆ. ಬೇರೆ ದಿನ ಹೋಗಿ, ತೆರೆದಿರುವ ಹೊತ್ತು ನೋಡಿಕೊಂಡು.

ನಾವು ನಡೆದ ದಾರಿ ಇದು. ಪಾರ್ಲಿಮೆಂಟ್ ಚೌಕದಲ್ಲಿ ಗಾಂಧೀಜಿಯ ಪ್ರತಿಮೆ ಇದೆ, ಅಲ್ಲಿಂದ ಶುರು. ಚರ್ಚಿಲ್ ಪ್ರತಿಮೆಯೂ ಅದೇ ಚೌಕದಲ್ಲಿದೆ, ಇಬ್ಬರೂ ಒಂದೇ ಹುಲ್ಲಿನ ಮೇಲೆ. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದ ಮೇಲೆ ಬಲಕ್ಕೆ ನದಿಯ ಪಕ್ಕ ಇಳಿಯಬೇಕು. ಅಲ್ಲಿ ಆಸ್ಪತ್ರೆಯ ಉದ್ದನೆಯ ಗೋಡೆ ಇದೆ, ಅದರ ತುಂಬ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ಹೋದವರಿಗಾಗಿ ಅವರ ಮನೆಯವರು 2021ರಿಂದ ಕೈಯಾರೆ ಬರೆದದ್ದು, ಒಬ್ಬರಿಗೆ ಒಂದು. ಸುಮಾರು ಅರ್ಧ ಕಿಲೋಮೀಟರ್ ನಡೆಯುವವರೆಗೂ ಮುಗಿಯುವುದಿಲ್ಲ. ಬಣ್ಣ ಮಾಸಿದವುಗಳನ್ನು ಮತ್ತೆ ಬಳಿಯುತ್ತಿರುತ್ತಾರೆ. ನಮ್ಮ ಮಾವ ಅದೇ ವರ್ಷ ಹೋದವರು. ಅತ್ತೆಗೆ ನಾನು ಗೋಡೆ ಏನೆಂದು ಹೇಳಿರಲಿಲ್ಲ, ಒಂದು ಹೃದಯದ ಮೇಲೆ 'ಅಪ್ಪ' ಎಂಬ ಅರ್ಥದ ಇಂಗ್ಲಿಷ್ ಪದ ಓದಿಕೊಂಡು ತಾವೇ ಕೇಳಿದರು. ಅಲ್ಲಿ ಬೆಂಚಿದೆ. ಅರ್ಧ ತಾಸು ಕೂತೆವು. ಎದುರಿಗೆ ನದಿ, ಆಚೆ ಪಾರ್ಲಿಮೆಂಟ್.

ಅಲ್ಲಿಂದ ಲ್ಯಾಂಬೆತ್ ಸೇತುವೆ ಹತ್ತದೆ, ಅದೇ ದಂಡೆಯಲ್ಲಿ ಮುಂದೆ ಹೋದರೆ ಬಸವಣ್ಣ. ಒಟ್ಟು ಸುಮಾರು ಒಂದೂವರೆ ಕಿಲೋಮೀಟರ್, ನದಿಯ ಪಕ್ಕ ಇಳಿದ ಮೇಲೆ ದಾರಿ ಸಮತಟ್ಟು. ನಡುವೆ ಕೂರಲು ಜಾಗ ಬೇಕಾದಷ್ಟು. ವಾಪಸ್ ಬಸ್ ಹತ್ತಿಬಿಡಿ. ಅತ್ತೆ ಇಳಕಲ್ ಸೀರೆ, ಅದರ ಕೆಳಗೆ ಉಣ್ಣೆಯ ಕಾಲುಚೀಲ, ಬೂಟು. ಮೂರ್ತಿಯ ಮುಂದೆ ಬೂಟು ಬಿಚ್ಚಿಯೇ ಬಿಟ್ಟರು, ಆ ತಂಪು ಕಲ್ಲಿನ ಮೇಲೆ. ಹಿಂದಿನ ದಿನ ಸೌತಾಲ್‌ನಿಂದ ತಂದಿದ್ದ ಚೆಂಡು ಹೂವು ಇಟ್ಟು ಕೈ ಮುಗಿದರು. ಓಡುತ್ತಿದ್ದ ಒಬ್ಬ ಹುಡುಗ ನಿಂತು, ಇವರು ಯಾರು ಎಂದು ನನ್ನನ್ನು ಕೇಳಿದ. ಹನ್ನೆರಡನೇ ಶತಮಾನ, ಅನುಭವ ಮಂಟಪ ಎಂದು ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಅತ್ತೆ ನಡುವೆ ಬಾಯಿ ಹಾಕಿ ಕನ್ನಡದಲ್ಲೇ ಹೇಳಿದರು: "ನಮ್ಮೂರವ ಅಪ್ಪಾ, ನಮ್ಮ ಓಣ್ಯಾಗಿನವ." ಅವನು ತಲೆಯಾಡಿಸಿದ, ಏನು ತಿಳಿಯಿತೋ.

ಗುಮ್ಮಟದ_ಮಾಸ್ತರ:

ತಂಗೀ, ಆ ಗೋಡೆ ನಾನು ಹೋದಾಗ ಇರಲಿಲ್ಲ. ಓದಿ ಒಂದು ಗಳಿಗೆ ಸುಮ್ಮನೆ ಕೂತೆ.

ಗ್ರೀನ್‌ವಿಚ್‌ಗೆ ಅವಶ್ಯ ಹೋಗಿ, ಆದರೆ ಅರ್ಧ ದಿನ ಇಟ್ಟುಕೊಳ್ಳಿ. ಹೋಗುವಾಗ ನದಿಯಲ್ಲಿ ದೋಣಿ. 1894ರಲ್ಲಿ ತೆರೆದ ಟವರ್ ಬ್ರಿಡ್ಜ್‌ನ ಅಡಿಯಲ್ಲಿ ಹಾದುಹೋಗುತ್ತದೆ. ಎರಡು ಗೋಪುರದ ಆ ಸೇತುವೆಯನ್ನೇ ಎಲ್ಲರೂ ಲಂಡನ್ ಬ್ರಿಡ್ಜ್ ಅನ್ನುತ್ತಾರೆ, ಅದಲ್ಲ. ಲಂಡನ್ ಬ್ರಿಡ್ಜ್ ಅದರ ಪಕ್ಕದ್ದು, ನೋಡಲು ನಮ್ಮ ಕೊಲ್ಹಾರ ಸೇತುವೆಯಷ್ಟೇ ಸಾದಾ. ವೀಕ್ಷಣಾಲಯ ಗುಡ್ಡದ ಮೇಲಿದೆ, ಏರು ಇದೆ. ಅವ್ವ ಕೆಳಗೆ ಉದ್ಯಾನದಲ್ಲಿ ಕೂರಲಿ. ಒಳಗಿನ ಅಂಗಳದ ಸೊನ್ನೆ ಡಿಗ್ರಿ ರೇಖಾಂಶದ ರೇಖೆಗೆ ಟಿಕೆಟ್ ಬೇಕು. ಅದೇ ರೇಖೆ ಹೊರಗಿನ ಕಾಲುದಾರಿಯಲ್ಲೂ ಹಾದು ಹೋಗುತ್ತದೆ, ಅಲ್ಲಿ ಒಂದು ಕಾಲು ಪೂರ್ವಕ್ಕೆ ಒಂದು ಕಾಲು ಪಶ್ಚಿಮಕ್ಕೆ ಇಟ್ಟು ನಿಂತರೆ ಯಾರೂ ದುಡ್ಡು ಕೇಳುವುದಿಲ್ಲ.

ಅಪ್ಪನವರಿಗೆ ಒಂದು ಲೆಕ್ಕ ಕೊಡು. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ವಿಜಯಪುರ ಸುಮಾರು 75.7 ಡಿಗ್ರಿ ಪೂರ್ವ. ಅಂದರೆ ಸೂರ್ಯನ ಲೆಕ್ಕದಲ್ಲಿ ನಾವು ಗ್ರೀನ್‌ವಿಚ್‌ಗಿಂತ 5 ತಾಸು 3 ನಿಮಿಷ ಮುಂದೆ. ಆದರೆ ನಮ್ಮ ಗಡಿಯಾರ 82.5 ಡಿಗ್ರಿಯ ರೇಖೆಗೆ ಕಟ್ಟಿದ್ದು, ಅದಕ್ಕೇ 5 ತಾಸು 30 ನಿಮಿಷ ತೋರಿಸುತ್ತದೆ. ಆ 27 ನಿಮಿಷ ನಮ್ಮ ಜಿಲ್ಲೆಯ ಬಸ್ಸುಗಳೆಲ್ಲ ತಡವಾಗಿ ಬರುವುದಕ್ಕೆ ಕಾರಣ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಅಪ್ಪನವರು ಏನನ್ನುತ್ತಾರೆ ಕೇಳು. ಇನ್ನು, ಮೇ ಕೊನೆಗೆ ಲಂಡನ್ನಿನಲ್ಲಿ ಗಡಿಯಾರ ಒಂದು ತಾಸು ಮುಂದಿರುತ್ತದೆ, ಹಾಗಾಗಿ ಊರಿಗೂ ಅಲ್ಲಿಗೂ ಅಂತರ ನಾಲ್ಕೂವರೆ ತಾಸು. ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ. ಬೆಳಕಿದೆ ಎಂದು ತಿರುಗುತ್ತ ಕೂರಬೇಡಿ, ಅವ್ವನ ಊಟದ ಹೊತ್ತು ದಾಟುತ್ತದೆ.

ಹುನಗುಂದದ_ಹುಡುಗ:

ಮಾಸ್ತರ್, ಅಪ್ಪ ಹೇಳಿದ್ದು: "27 ನಿಮಿಷ ಅಲ್ಲ, ರೈಲ್ವೆ ಗೇಟಿಂದೇ 20 ನಿಮಿಷ, ಉಳಿದ ಏಳು ಕಂಡಕ್ಟರ್ ಚಹಾ."

ಐದು ದಿನಕ್ಕೆ ಐದು ಜಾಗ ಎಂದು ಬರೆದುಕೊಂಡೆ. ಬಸವಣ್ಣ ಮೊದಲ ದಿನವೇ. ಗೋಡೆಯ ವಿಷಯ ಅವ್ವನಿಗೆ ಈಗಲೇ ಹೇಳಿದ್ದೇನೆ, ನಮ್ಮ ದೊಡ್ಡಪ್ಪನೂ ಅದೇ ಹೊತ್ತಿನಲ್ಲಿ ಹೋದವರು. ಕೊಹಿನೂರ್ ಬೇಡವಂತೆ. "ಕಳುವಿನ ಮಾಲಿಗೆ ಟಿಕೆಟ್ ಯಾಕ ತಗೀಬೇಕು" ಎಂದಳು.

ಒಂದೇ ಪೇಚು. ಅವ್ವ ಒಂದು ಡಬ್ಬಿ ತುಂಬ ವಿಭೂತಿ ಪುಡಿ ಮಾಡಿ ಕೈಚೀಲಕ್ಕೆ ಹಾಕಿಕೊಂಡಿದ್ದಾಳೆ. ಬಿಳಿ ಪುಡಿ. ಏರ್‌ಪೋರ್ಟಿನಲ್ಲಿ ಏನು ಹೇಳಲಿ?

ಬಾಗೇವಾಡಿ_ಸೊಸಿ:

ಪುಡಿ ಬೇಡ, ಗಟ್ಟಿ ವಿಭೂತಿ ಇಟ್ಟುಕೊಳ್ಳಲು ಹೇಳಿ. ಅದನ್ನೂ ದೊಡ್ಡ ಬ್ಯಾಗಿಗೆ ಹಾಕಿ. ನಮ್ಮ ಅತ್ತೆಯ ಡಬ್ಬಿಯನ್ನು ತಪಾಸಣೆಯವರು ತೆಗೆಸಿ, ಮೂಸಿ, ಇನ್ನೊಬ್ಬರನ್ನು ಕರೆದರು. ಅತ್ತೆ ಅಷ್ಟರಲ್ಲಿ ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡು, ಆ ಹುಡುಗಿಯ ಹಣೆಗೂ ಹಚ್ಚಲು ಕೈ ಮುಂದೆ ಮಾಡಿದರು. ಕೂಡಲೇ ಬಿಟ್ಟುಬಿಟ್ಟರು.